ಕ್ಯಾಸೆಟ್ಟಿನಲ್ಲಿ ಗುನುಗಿದವಳು

ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದುಗಡೆ ಭೀಮರಾಜನ ಮೋಟಾರ್ ರಿವೈಂಡಿಂಗ್ ಅಂಗಡಿ. ಹಿಂದೆ ಅಂಟಿಕೊಂಡೇ ಮನೆ. ಸುಟ್ಟ ಪಂಪ್‌ಸೆಟ್ಟಾಗಲಿ, ನಿಂತುಹೋದ ಮಿಕ್ಸಿಯಾಗಲಿ, ತಾಮ್ರದ ತಂತಿ ಸುತ್ತಿ ಜೀವ ಕೊಟ್ಟು ಕಳಿಸುತ್ತಾನೆ. ಓದಿದ್ದು ಆರನೇ ಕ್ಲಾಸು. ಕೋಪ ಮಾತ್ರ ಎಂಟೂರಿಗೆ ಹಂಚುವಷ್ಟು. ಇವತ್ತೇ ಬೇಕು ಅಂತ ಪಟ್ಟು ಹಿಡಿದ ಗಿರಾಕಿಯ ಫ್ಯಾನನ್ನು ಎತ್ತಿ ರಸ್ತೆಯಲ್ಲಿಟ್ಟು ಬಂದ ಆಸಾಮಿ. ಗ್ರೈಂಡರ್ ಸದ್ದಿಗೆ ಬಲಗಿವಿ ಪೂರ್ತಿ ಹೋಗಿ ಮೂರು ವರ್ಷವಾಯಿತು. ಉಳಿದದ್ದು ಎಡಗಿವಿ ಒಂದೇ.

ಇಂಥವನಿಗೆ ಜಾಝ್ ಹುಚ್ಚು. ಅವನು ಪ್ರಾಯದಲ್ಲಿದ್ದಾಗ, ರಿಟೈರಾದ ರೈಲ್ವೆ ಡ್ರೈವರೊಬ್ಬ ಊರು ಬಿಡುವಾಗ ತನ್ನ ಪ್ಲೇಯರನ್ನೂ ಮೂವತ್ತೊಂದು ರೆಕಾರ್ಡುಗಳನ್ನೂ ಇವನ ಅಂಗಡಿಯಲ್ಲೇ ಬಿಟ್ಟುಹೋದ. ಟ್ರಂಪೆಟ್ಟು, ಸ್ಯಾಕ್ಸೋಫೋನು, ಡ್ರಮ್ಮು. ಮಾತೇ ಇಲ್ಲದ ಸಂಗೀತ, ಇಂಗ್ಲಿಷ್ ಬೇಕಿಲ್ಲ. ಅಂಟಿಕೊಂಡುಬಿಟ್ಟಿತು.

ಹೆಂಡತಿಯ ಹೆಸರು ಇಂದು. ಅವಳು ತೀರಿಕೊಂಡು ಹನ್ನೊಂದು ವರ್ಷ. ಅವಳಿಗೂ ಸಂಗೀತ ಇಷ್ಟವಿತ್ತಾ ಅಂತ ಯಾರಾದರೂ ಕೇಳಿದರೆ, ಅವಳ ಬಾಯಲ್ಲಿ ಒಂದು ಸ್ವರ ಬಂದಿದ್ದು ನಾ ಕಾಣೆ ಅನ್ನುತ್ತಿದ್ದ. ಅವಳ ಫೋಟೋ ನಾಲ್ಕಿದ್ದವು, ದನಿ ಎಲ್ಲೂ ಇರಲಿಲ್ಲ. ಈಚೀಚೆಗೆ ನೆನಪಿಸಿಕೊಂಡರೆ ಅವಳ ತುಟಿ ಆಡುವುದಷ್ಟೇ ಕಾಣುತ್ತಿತ್ತು, ಸದ್ದು ಹುಟ್ಟುತ್ತಿರಲಿಲ್ಲ. ಯಾರಿಗೂ ಹೇಳದ ಹೆದರಿಕೆ ಅದು. ಇರುವ ಒಂದು ಕಿವಿಯೂ ಹೋಗುವುದರೊಳಗೆ ಒಂದು ಸಲ ಆ ದನಿ ಕೇಳಬೇಕು.

ಮೂರೇ ಜನರ ವಾಟ್ಸಾಪ್ ಗುಂಪೊಂದಿತ್ತು. ಹೆಸರು 'ಮುಳ್ಳು', ರೆಕಾರ್ಡಿನ ಮೇಲೆ ಓಡುವ ಮುಳ್ಳು. ಭೀಮರಾಜ, ಬೇಲೂರಿನ ರಿಟೈರ್ಡ್ ಗುಮಾಸ್ತ ಸಂಪತ್ಕುಮಾರ್, ಜಾವಗಲ್ಲಿನಲ್ಲಿ ನರ್ಸಾಗಿದ್ದ ಸುಮಿತ್ರಮ್ಮ. ಭಾನುವಾರ ನಾಲ್ಕು ಗಂಟೆಗೆ ಒಬ್ಬರು ತಮ್ಮ ಪೆಟ್ಟಿಗೆಯಿಂದ ಒಂದು ತೆಗೆದು ನುಡಿಸಿ ಕಳಿಸಬೇಕು. ಇಂಟರ್ನೆಟ್ಟಿಂದ ಕದಿಯಂಗಿಲ್ಲ. ಕೇಳಿದವರು ಏನೇನು ಕೇಳಿಸಿತು ಅಂತ ಬರೆಯಲೇಬೇಕು. ಅದೇ ಕಾನೂನು.

ಆ ಭಾನುವಾರ ಸಂಪತ್ಕುಮಾರರು ಹೆಸರು ಮಾಸಿದ ಹಳೇ ಕ್ಯಾಸೆಟ್ಟೊಂದನ್ನು ನುಡಿಸಿ ಕಳಿಸಿದರು. ಟ್ರಂಪೆಟ್ ಚೆನ್ನಾಗಿದೆ, ಹಿಂದೆ ಗುನುಗುವ ಹೆಂಗಸು ಇನ್ನೂ ಚೆನ್ನಾಗಿದ್ದಾಳೆ ಅಂತ ಸುಮಿತ್ರಮ್ಮ ಬರೆದಳು. ಭೀಮರಾಜನಿಗೆ ಉರಿಯಿತು. ಅದರ ಮೂಲ ರೆಕಾರ್ಡು ಅವನ ಹತ್ತಿರವೇ ಇತ್ತು. ನುಡಿಸುವವರು ನಾಲ್ಕು ಜನ, ನಾಲ್ವರೂ ಗಂಡಸರು. ತನ್ನದನ್ನು ಹಾಕಿ ನೋಡಿದ, ಹೆಂಗಸಿಲ್ಲ. ನಿಮ್ಮ ಕಿವಿಗೆ ಎಣ್ಣೆ ಬಿಡಿಸ್ಕೊಳ್ಳಿ ಅಂತ ಬರೆದ. ಮೊದಲು ನಿನಗಿರೋ ಒಂದನ್ನ ತೊಳ್ಕೊಳ್ಳಪ್ಪ ಅಂತ ಉತ್ತರ ಬಂತು.

ಹಟಕ್ಕೆ ಬಿದ್ದು ಇಯರ್‌ಫೋನನ್ನು ಎಡಗಿವಿಗೆ ಒತ್ತಿಕೊಂಡು ಮತ್ತೆ ಕೇಳಿದ. ಮೂರನೇ ಸಲಕ್ಕೆ ಸಿಕ್ಕಿತು. ನೆಲದಡಿಯಿಂದ ಬಂದ ಹಾಗೆ ಸಣ್ಣ ಗುನುಗು. ಮೈ ಜುಂ ಅಂದದ್ದು ಅದಕ್ಕಲ್ಲ. ಆ ಹೆಂಗಸು ಟ್ರಂಪೆಟ್ಟಿನ ಹಿಂದೆ ಬರುತ್ತಿರಲಿಲ್ಲ, ಮುಂದೆ ಹೋಗುತ್ತಿದ್ದಳು. ರಾಗ ಎಲ್ಲಿ ತಿರುಗುತ್ತದೋ ಅಲ್ಲಿಗೆ ಅವಳು ಮೊದಲೇ ಹೋಗಿ ನಿಂತಿರುತ್ತಿದ್ದಳು. ಆಮೇಲೆ ಬಳೆ ಸದ್ದು. ಅದರಾಚೆ ದೂರದಲ್ಲಿ ಬೋಗಿಗೆ ಬೋಗಿ ಸಿಗಿಸುವ ಸದ್ದು. ಅವನ ಹಿತ್ತಲಲ್ಲಿ ನಿಂತರೆ ಈಗಲೂ ಕೇಳುವ ಸದ್ದು. ಅಲ್ಲಿಗೆ ಕಟ್ಟಾಯಿತು.

ಆಗ ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ಆ ಕ್ಯಾಸೆಟ್ಟನ್ನು ಸಂಪತ್ಕುಮಾರರಿಗೆ ಕೊಟ್ಟವನು ಅವನೇ. ಪ್ಲೇಯರಿಂದ ಟೇಪಿಗೆ ಜೋಡಿಸುವ ವೈರ್ ಆಗ ಅವನ ಹತ್ತಿರ ಎಲ್ಲಿತ್ತು? ಸ್ಪೀಕರ್ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು, ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತು ರೆಕಾರ್ಡ್ ಮಾಡಬೇಕಿತ್ತು. ನಡುವೆ ಸದ್ದಾಗಿ ಕೆಟ್ಟದ್ದೊಂದು, ಸರಿಯಾದದ್ದೊಂದು ಒಂದೇ ಡ್ರಾಯರಿನಲ್ಲಿದ್ದವು. ಕೆಟ್ಟದ್ದು ಬೇಲೂರಿಗೆ ಹೋಗಿತ್ತು. ಅದರಲ್ಲಿ ಗುನುಗಿದವಳು ಅವನ ಹೆಂಡತಿಯೇ.

ಮುಂದಿನದನ್ನೂ ಕಳಿಸಿ ಅಂತ ಸಂಪತ್ಕುಮಾರರಿಗೆ ಫೋನ್ ಮಾಡಿದ. ಅವರು ತಡವರಿಸಿದರು.

"ಬೇಡ ಭೀಮರಾಜ್. ಮುಂದೆ ಒಬ್ಬ ಗಂಡಸಿದಾನೆ. ನಾನು ಯಾವತ್ತೂ ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಟೇಪೂ ಸವೆದಿದೆ, ಇನ್ನೆಷ್ಟು ಸಲ ಓಡುತ್ತೋ ಗೊತ್ತಿಲ್ಲ."

ತನ್ನ ಮನೆಯಲ್ಲಿ, ತನ್ನ ಹೆಂಡತಿ ಗುನುಗುವಾಗ, ಅದ್ಯಾವ ಗಂಡಸು? ಭಾನುವಾರ ಬೆಳಗಿನ ಬಸ್ಸಿಗೇ ಹತ್ತಿದ. ಜಾವಗಲ್ಲಿನಲ್ಲಿ ಸುಮಿತ್ರಮ್ಮ ಹತ್ತಿಕೊಂಡು, ಕೋಪವನ್ನ ಬ್ಯಾಗಿನಲ್ಲಿ ಹಾಕ್ಕೊಂಡು ಬಂದಿದೀಯೋ ತಲೆ ಮೇಲೆ ಹೊತ್ಕೊಂಡು ಬಂದಿದೀಯೋ ಅಂತ ಕೆಣಕಿದಳು.

ಬೇಲೂರಿನ ಮನೆಯಲ್ಲಿ ಶ್ರೀರಂಗಮ್ಮನವರು ಗಂಡನ ಸ್ನೇಹಿತರಿಗೆ ಕಾಫಿ ಕೊಟ್ಟು ಒಳಗೆ ಹೋದರು. ಸಂಪತ್ಕುಮಾರರು ಒಲ್ಲದ ಮನಸ್ಸಿನಿಂದ ಬಟನ್ ಒತ್ತಿದರು. ಭೀಮರಾಜ ಕತ್ತು ತಿರುಗಿಸಿ ಎಡಗಿವಿ ಕೊಟ್ಟು ಕೂತ. ಟ್ರಂಪೆಟ್. ಗುನುಗು. ಬಳೆ. ಬೋಗಿ. ಆಮೇಲೆ ಏನೋ ಬಿದ್ದ ಸದ್ದು, ಅದರ ಬೆನ್ನಿಗೇ ಗಂಡಸಿನ ದನಿ.

"ಬಾಯ್ ಮುಚ್ಚೇ. ನಿನ್ ದರಿದ್ರ ದನಿ ಯಾವನಿಗ್ಬೇಕಾಗೈತೆ?"

ಗುನುಗು ಕತ್ತರಿಸಿದ ಹಾಗೆ ನಿಂತಿತು. ಟ್ರಂಪೆಟ್ಟು ತನ್ನ ಪಾಡಿಗೆ ತಾನು ಹೋಯಿತು. ಆ ಮುಂದಿನದು ಇನ್ನೂ ಕೆಟ್ಟದಾಗಿತ್ತು. ಅವಳು ಎದ್ದು ಹೋಗಿರಲಿಲ್ಲ. ಮೈಕಿನ ಹತ್ತಿರವೇ ಅವಳ ಉಸಿರು, ಸಣ್ಣಗೆ, ಎಣಿಸಿ ಎಣಿಸಿ ಬಿಟ್ಟ ಹಾಗೆ. ಟೇಪ್ ಮುಗಿಯುವವರೆಗೂ ಆ ಉಸಿರು ಅಲ್ಲೇ ಕೂತಿತ್ತು.

"ಯಾವ ರಾಕ್ಷಸನಪ್ಪಾ ಇವನು," ಅಂದಳು ಸುಮಿತ್ರಮ್ಮ.

ಭೀಮರಾಜ ಕಾಫಿ ಲೋಟವನ್ನು ನೆಲಕ್ಕಿಟ್ಟ.

"ನಾನೇ ಕಣಮ್ಮ."

ಆವತ್ತಿನಿಂದ ಅವಳು ಮನೆಯಲ್ಲಿ ಗುನುಗಿರಲಿಲ್ಲ. ಅದನ್ನೇ ಅವನು ಅವಳಿಗೆ ಸಂಗೀತ ಬರಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ಆಮೇಲೆ ಸಂಪತ್ಕುಮಾರರು ಮೆಲ್ಲಗೆ, ಫೋನಿಗೆ ಹಾಕಿ ಆ ಗಂಡಸಿನ ಭಾಗ ಕತ್ತರಿಸಿ ಗುನುಗಷ್ಟೇ ಉಳಿಸಿ ಕೊಡ್ತೀನಿ ಅಂದರು.

"ಕತ್ತರಿಸ್ಬೇಡಿ ಸಾರ್. ಪೂರ್ತಿ ಕೊಡಿ."

ಕ್ಯಾಸೆಟ್ಟನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದ. ಮುಂದಿನ ಭಾನುವಾರ ಅವನ ಸರದಿ. ನಾಲ್ಕು ಗಂಟೆಗೆ ಅದನ್ನೇ ಹಾಕಿದ, ಮೊದಲಿಂದ ಕೊನೆಯವರೆಗೆ ಕಳಿಸಿದ. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿ, ಕಾನೂನಿನ ಪ್ರಕಾರ ಬರೆದ. ನಾಲ್ಕು ಜನ ನುಡಿಸ್ತಾರೆ. ನನ್ನ ಹೆಂಡತಿ ಇಂದು ಗುನುಗ್ತಾಳೆ. ನಾನು ಗದರ್ತೀನಿ. ಆಮೇಲೆ ಅವಳು ಸುಮ್ಮನೆ ಇರ್ತಾಳೆ.

ಸುಮಿತ್ರಮ್ಮನ ಉತ್ತರ ತಡವಾಗಿ ಬಂತು. ಸುಮ್ಮನಿಲ್ಲ ಕಣಪ್ಪ, ನೀನು ಗದರಿದ ಮೇಲೂ ಗುನುಗ್ತಿದ್ದಾಳೆ, ಇನ್ನೂ ಮೆಲ್ಲಗೆ, ಇನ್ನೂ ಮುಂದೆ ಮುಂದೆ ಹೋಗ್ತಾ. ಹೋದ ವಾರ ನನಗೂ ಕೇಳಿಸಿರಲಿಲ್ಲ. ನಿನಗೆ ಕೇಳ್ತಿಲ್ವಾ?

ಅವನು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಬಗ್ಗಿ ಎಡಗಿವಿಯನ್ನು ಸ್ಪೀಕರಿಗೆ ಅಂಟಿಸಿದ. ಟ್ರಂಪೆಟ್ಟಿತ್ತು, ಸವೆದ ಟೇಪಿನ ಸುಯ್ ಅನ್ನುವ ಸದ್ದಿತ್ತು, ಅವಳ ಉಸಿರಿತ್ತು. ಗುನುಗಿರಲಿಲ್ಲ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಆ ಕಾಲದಲ್ಲಿ ಅವಳನ್ನು ಕೂರಿಸುತ್ತಿದ್ದ ಹಾಗೇ ತಾನು ಅಲ್ಲಾಡದೆ ಕೂತ.

ಬಲಗಡೆ, ಮೂರು ವರ್ಷದಿಂದ ಏನೂ ಕೇಳದ ಕಿವಿಯ ಹತ್ತಿರ, ಬಳೆ ಒಂದು ಸಲ ಸದ್ದಾಯಿತು.

ಭೀಮರಾಜ ತಿರುಗಿ ನೋಡಲಿಲ್ಲ. ಅವಳು ಶುರು ಮಾಡಲಿ ಅಂತ ಕಾದ.