ಪರದೆಯ ಮೇಲಿನ ದಡಿ

ಅಪ್ಪ ರಬಕವಿಯಲ್ಲಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆಯುತ್ತಿದ್ದ. ಗ್ರಾಫ್ ಹಾಳೆಯ ಒಂದೊಂದೇ ಚೌಕ ತುಂಬಿ ಹೂವು, ಬಳ್ಳಿ, ಗೋಪುರ ಎಬ್ಬಿಸುವುದು ಅವನ ಕೆಲಸ. ನೇಕಾರರು ಆ ಹಾಳೆ ನೋಡಿ ದಡಿ ನೇಯುತ್ತಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಬಂದವರೆಲ್ಲ ಕೈ ನೋಡಿ ಅತ್ತರು. ಅಪ್ಪನಿಗೆ ಕೈಯ ಚಿಂತೆ ಇರಲಿಲ್ಲ, ತಲೆಯ ಚಿಂತೆ. ನೀರು ಬೇಕಾದಾಗ ನೂಲು ಕೊಡು ಎನ್ನುತ್ತಿದ್ದ. ಅಂದ ಮೇಲೆ ಗಾಬರಿಯಾಗಿ ನಮ್ಮ ಮುಖ ನೋಡುತ್ತಿದ್ದ. “ಕೈ ಹೋದ್ರ ಹೋಗ್ಲಿ, ತಲಿ ಹೋಗಬಾರದ ನೋಡ,” ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದ.

ಎಂಬತ್ತರ ದಶಕದ ಕೊನೆ. ನಾನು ಬನಹಟ್ಟಿಯ ಒಂದು ನೂಲಿನ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಒಳಗಿನ ಖೋಲಿಯಲ್ಲಿ ದೊಡ್ಡ ಮಷೀನು, ಅದರಿಂದ ತಂತಿ ಎಳೆದು ಹೊರಗಿಟ್ಟ ಒಂದು ಟರ್ಮಿನಲ್ಲು. ಕಪ್ಪು ಪರದೆ, ಹಸಿರು ಅಕ್ಷರ. ಚಿತ್ರ ತೋರಿಸುವ ಯೋಗ್ಯತೆ ಅದಕ್ಕಿರಲಿಲ್ಲ. ಆದರೆ ಅಕ್ಷರಗಳ ಜೊತೆಗೆ ಅಡ್ಡಗೆರೆ, ಉದ್ದಗೆರೆ, ಮೂಲೆ, ಪುಟ್ಟ ವಜ್ರ ಎಂಬಂಥ ಕೆಲವು ಗುರುತುಗಳಿದ್ದವು, ಲೆಕ್ಕಕ್ಕೆ ಚೌಕಟ್ಟು ಹಾಕಲಿಕ್ಕೆ. ಒಂದು ಮಧ್ಯಾಹ್ನ ಬೇಸರ ಕಳೆಯಲು ಅವನ್ನೇ ಜೋಡಿಸುತ್ತ ಹೋದೆ. ಅಪ್ಪನ ಹಳೆಯ ದಡಿಯ ತುಂಡೊಂದು ಪರದೆಯ ಮೇಲೆ ಎದ್ದು ಕೂತಿತು.

ಮ್ಯಾನೇಜರರ ಅಪ್ಪಣೆ ಪಡೆದು ರಜೆಯ ದಿನ ಅಪ್ಪನನ್ನು ಕರೆದೊಯ್ದೆ. ತಂಗಿಯ ಲಗ್ನ ಗೊತ್ತಾಗಿತ್ತು, ಅವಳ ಸೀರೆಯ ದಡಿ ತನ್ನದೇ ಆಗಬೇಕೆಂಬ ಹಟ ಅವನಿಗೆ. ಅವನು ಹೇಳುವುದು, ನಾನು ಕೀಲಿ ಒತ್ತುವುದು. ಚೌಕಕ್ಕೆ ಅವನು ಮನಿ ಎನ್ನುತ್ತಿದ್ದ. “ಕಣ್ಣ ಎಲ್ಲಿಟ್ಟಿ ಬೇ? ಆ ಹೂವ ಒಂದ ಮನಿ ಆಚಿ ಸರಿಸ!” ನನಗೂ ಅವನದೇ ಸಿಟ್ಟು. ಇಬ್ಬರೂ ಕಚ್ಚಾಡಿ ಮನೆಗೆ ಬಂದು ಒಂದೇ ತಾಟಿನಲ್ಲಿ ರೊಟ್ಟಿ ತಿನ್ನುತ್ತಿದ್ದೆವು. ಹೀಗೆ ಹಲವು ರಜೆ ಕಳೆದು ದಡಿ ಪೂರಾ ಆಯಿತು. ನಡುವೆ ವಜ್ರದ ಹೂವು, ಎರಡೂ ಬದಿಗೆ ಮೆಟ್ಟಿಲಾಗಿ ಏರುವ ಗೋಪುರ. ಅಪ್ಪ ಎಡಗೈಯಿಂದ ಗಾಜು ಸವರಿ, “ತಲಿ ಐತಿ,” ಎಂದ. ಅಂದು ಮನೆ ಮುಟ್ಟುವ ತನಕ ಅವನಿಗೆ ಒಂದು ಶಬ್ದವೂ ತಪ್ಪಲಿಲ್ಲ.

ಮುಂದಿನ ರಜೆಗೆ ತಂಗಿಯನ್ನೂ ಕರೆತಂದ, ತೋರಿಸಲಿಕ್ಕೆ. ಅಷ್ಟರಲ್ಲಿ ಹಳೆಯ ಟರ್ಮಿನಲ್ಲು ಸುಟ್ಟು, ಬೇರೆ ಥರದ್ದೊಂದನ್ನು ಹಿಂದಿನ ಸಂಜೆಯಷ್ಟೇ ಕೂಡಿಸಿದ್ದರು. ದಡಿ ಇದ್ದದ್ದು ಒಳಗಿನ ದೊಡ್ಡ ಮಷೀನಿನಲ್ಲಿ; ಅಂಕಿ ಅಕ್ಷರ ನೆಟ್ಟಗೆ ಬಂದದ್ದು ನೋಡಿ ನಾನೂ ಅದನ್ನು ತೆರೆದು ನೋಡಿರಲಿಲ್ಲ.

ದಡಿ ತೆರೆದೆ. ಅಡ್ಡಗೆರೆ ಇದ್ದಲ್ಲೆಲ್ಲ ಇಂಗ್ಲಿಷಿನ ಕ್ಯೂ, ಉದ್ದಗೆರೆ ಇದ್ದಲ್ಲಿ ಎಕ್ಸ್, ವಜ್ರದ ಜಾಗದಲ್ಲಿ ನೊಣ ಕೂತಂಥ ಚುಕ್ಕೆ. ಹೂವಿಲ್ಲ, ಗೋಪುರವಿಲ್ಲ.

“ಛಂದ ಐತೆಪ್ಪಾ,” ಎಂದಳು ತಂಗಿ. ಪಾಪ, ಅವನ ಮನಸ್ಸು ನೋಯಬಾರದೆಂದು ಅಂದಳು. ಆ ಮಾತೇ ಮುಳುವಾಯಿತು.

ಅಪ್ಪ ಎಡಗೈಯಿಂದ ಗಾಜು ಒರೆಸಿ ಮತ್ತೆ ನೋಡಿದ. “ಇಷ್ಟ ದಿನಾ ನಾ ಇದನ್ನ ಹೂವ ಅಂತ ನೋಡಾಕತ್ತಿದ್ನೇನ?”

“ಇಲ್ಲಪ್ಪಾ, ಇದು ಬ್ಯಾರೆ ಮಷೀನ. ನಿನ್ನಿ ತಂದಾರ. ಖರೆ ಹೇಳತೇನಿ.”

“ಮಷೀನಿಗೂ ಲಕ್ವಾ ಹೊಡಿತೈತೇನ ಬೇ?” ಎಂದು ನಕ್ಕ. “ಈಕಿ ಅಂದಂಗ ನೀನೂ ನನ್ನ ಸಮಾಧಾನಕ್ಕ ಹೂಂ ಹೂಂ ಅಂದಿ.”

ಆಣೆ ಇಟ್ಟೆ, ಕಿರುಚಿದೆ, ಮೇಜು ಗುದ್ದಿದೆ. ನಾನು ಕೂಗಿದಷ್ಟೂ ಅವನ ಅನುಮಾನ ಗಟ್ಟಿಯಾಯಿತು. ಅಂದಿನಿಂದ ಮಾತೇ ಕಡಿಮೆ ಮಾಡಿದ, ತಪ್ಪಿದರೆ ಎಂಬ ಹೆದರಿಕೆಗೆ.

ಹುಬ್ಬಳ್ಳಿಯಿಂದ ರಿಪೇರಿಯವನು ಬಂದದ್ದು ಎಷ್ಟೋ ದಿನಗಳ ಮೇಲೆ. ಹೊಸ ಟರ್ಮಿನಲ್ಲಿಗೆ ಗೆರೆ ಗುರುತು ತೋರಿಸುವ ಸೆಟ್ಟಿಂಗು ಹಾಕಿರಲಿಲ್ಲವಂತೆ. ದೊಡ್ಡ ಮಷೀನು ಗೆರೆ ಎಂದು ಕಳಿಸಿದ್ದನ್ನು ಇದು ಬರೀ ಅಕ್ಷರವೆಂದು ತಿಳಿಯುತ್ತಿತ್ತು. ಅಷ್ಟನ್ನು ಬದಲಿಸಿ ಅವನು ಚಹಾ ಕುಡಿಯಲು ಹೋದ. ನಾನು ದಡಿ ತೆರೆದೆ. ಇದ್ದ ಹಾಗೇ ಇತ್ತು, ಒಂದು ಹೂವೂ ಅಲುಗಿರಲಿಲ್ಲ. ಆ ಕುರ್ಚಿಯಲ್ಲೇ ಕೂತು ಅತ್ತೆ.

ಅಪ್ಪನನ್ನು ಕರೆದೆ, ಬರಲಿಲ್ಲ. ಸೊಸೈಟಿಯ ಹೆಸರೆತ್ತಿದರೆ ಗೋಡೆ ಕಡೆ ತಿರುಗುತ್ತಿದ್ದ. ಕಡೆಗೆ ಪರದೆ ನೋಡುತ್ತ ನಾನೇ ಚೌಕ ಚೌಕವಾಗಿ ಗ್ರಾಫ್ ಹಾಳೆಗೆ ಇಳಿಸಿ, ಮನೆಗೆ ಒಯ್ದು ಅವನ ತೊಡೆಯ ಮೇಲಿಟ್ಟೆ.

ಹಾಳೆಯನ್ನು ಬೆಳಕಿಗೆ ಹಿಡಿದ. ಮುಖ ಅರಳಿತು. ನನಗೆ ಹೋದ ಜೀವ ಬಂದ ಹಾಗಾಯಿತು.

“ಭಾಳ ಛಲೋ ಬರದಿ ಬೇ,” ಎಂದ. “ನಿನಗ ಇದು ಬರತೈತಂತ ನನಗ ಗೊತ್ತ ಇರಲಿಲ್ಲ.”

“ಇದು ನಿಂದಪ್ಪಾ! ನೀ ಹೇಳಿದ್ದನ್ನ ನಾ ಇಳಿಸೇನಿ, ಅಷ್ಟ.”

“ಆತು, ಆತು,” ಎಂದು ತಲೆ ಸವರಿದ.

ತಂಗಿ ಅದೇ ದಡಿಯ ಸೀರೆ ಉಟ್ಟು ಹಸೆಗೆ ಬಂದಳು. ಹುನ್ನೂರಿನ ಬೀಗರು ಸೆರಗು ಹಿಡಿದು ಹೊಗಳಿದಾಗಲೆಲ್ಲ ಅಪ್ಪ ನನ್ನತ್ತ ಬೆರಳು ತೋರಿಸಿ, “ಹಿರೇ ಮಗಳು ಬರದದ್ದರಿ,” ಎನ್ನುತ್ತಿದ್ದ. ತಡವರಿಸದೆ, ಅಭಿಮಾನದಿಂದ. ಅಲ್ಲರೀ, ಅಪ್ಪನದು ಎಂದೆ. ಸಂಕೋಚದ ಹುಡುಗಿ ಎಂದು ಬೀಗರು ನಕ್ಕರು, ಅಪ್ಪನೂ ಅವರ ಜೊತೆ ನಕ್ಕ.

ಮರುವರ್ಷ ಅಪ್ಪ ಹೋದ. ದಿನಕರ್ಮ ಮುಗಿದ ಮೇಲೆ ಇಬ್ಬರು ನೇಕಾರರು ಖಾಲಿ ಗ್ರಾಫ್ ಹಾಳೆ ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ನನಗೆ ಸ್ವಂತದ ಒಂದು ಹೂವೂ ಬರೆಯಲು ಬರುವುದಿಲ್ಲ ಎಂದೆ. ಅವರು ನಂಬಲಿಲ್ಲ.