ಮೂವತ್ತನೆಯ ಸದಸ್ಯೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಸತ್ಯಭಾಮಾ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಕನ್ನಡ ಸಂಘದ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. ತನ್ನನ್ನೂ ಸೇರಿಸಿ ಇಪ್ಪತ್ತೊಂಬತ್ತು. 2013ರ ಆಗಸ್ಟ್ 18, ಭಾನುವಾರ, ವಾರ್ಷಿಕ ಸಭೆ.

ಸದಸ್ಯರು ಒಟ್ಟು ನೂರ ಎಂಬತ್ತಾರು. ಹತ್ತೂವರೆಯೊಳಗೆ ಮೂವತ್ತು ಮಂದಿ ಸೇರದಿದ್ದರೆ ಸಭೆ ರದ್ದು, ಆ ವರ್ಷದ ಠರಾವುಗಳೂ ರದ್ದು. 2006ರಲ್ಲಿ ಇಪ್ಪತ್ತೆರಡೇ ಜನ ಬಂದು ಸಭೆ ಮುರಿದಾಗ ಯಾರೋ, "ಹೆಣ ಎತ್ತೋಕೆ ಇದಕ್ಕಿಂತ ಹೆಚ್ಚು ಜನ ಬರ್ತಾರೆ" ಎಂದು ನಕ್ಕಿದ್ದರು. ಮರುವರ್ಷ ಕಾರ್ಯದರ್ಶಿಯಾದ ಸತ್ಯಭಾಮಾ, ಉಡುಪಿ ಕಡೆಯ, ವಿಮಾ ಕಚೇರಿಯ ಗುಮಾಸ್ತೆ, ಅದನ್ನು ಮರೆತಿರಲಿಲ್ಲ. ಪ್ರತಿ ಸದಸ್ಯರಿಗೂ ಮೂರು ಸಲ ಫೋನ್: ತಿಂಗಳ ಮೊದಲು, ವಾರದ ಮೊದಲು, ಅದೇ ಬೆಳಿಗ್ಗೆ. ಆಮೇಲೆ ಸಭೆ ಒಮ್ಮೆಯೂ ಮುರಿಯಲಿಲ್ಲ.

ಅದೇ ಕೋಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಭಾನುವಾರ ಸಂಜೆ ಅವರ ಕನ್ನಡ ತರಗತಿ. ಈಗ ಉಳಿದಿದ್ದು ಐದು ಮಕ್ಕಳು. ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತಿದ್ದರು. ಕನ್ನಡ ಬರುವ ತನಕ ಸತ್ಯಭಾಮಾ ಕಾಯುತ್ತಿದ್ದರು. ಅಂದಿನ ಒಂದೇ ಠರಾವು: ತರಗತಿ ಮುಚ್ಚಿ ಟೇಬಲ್ ಟೆನಿಸ್ ಇಡುವುದು.

"ಅಕ್ಕಾ, ಸಭೆ ಮುರಿದರೆ ನಿಮ್ಮ ಕ್ಲಾಸ್ ಉಳೀತದೆ. ಎಂಟು ನಿಮಿಷ ಸುಮ್ಮನೆ ಕೂತ್ಕೊಳ್ಳಿ" ಎಂದರು ಹೋಟೆಲಿನ ಪ್ರೇಮನಾಥ.

"ನನ್ನ ಕೈಯಲ್ಲಿ ಸಭೆ ಮುರಿಯುವುದು ಬೇಡ ಮಾರಾಯ. ವೋಟಿನಲ್ಲಿ ಗೆಲ್ಲುವಾ."

ಅವರು ಮೆಟ್ಟಿಲಿಳಿದು ಎದುರು ಬಿಲ್ಡಿಂಗಿಗೆ ಹೋದರು. ಅಲ್ಲಿ ಸಂಘದ ಸದಸ್ಯೆ, ಮೈಸೂರಿನ ಪುಟ್ಟಮ್ಮ, ಎಪ್ಪತ್ತೊಂದು ವರ್ಷ, ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

"ನಂಗೇನು ತಿಳೀತದೆ ಟೀಚರ್?"

"ಬಂದು ಕೂತರೆ ಸಾಕು. ಕೈ ತೊಳೆಯುವುದೂ ಬೇಡ."

ಹತ್ತು ಇಪ್ಪತ್ತೆಂಟಕ್ಕೆ ಪುಟ್ಟಮ್ಮ ಕೊನೆಯ ಕುರ್ಚಿಯಲ್ಲಿ ಕೂತರು. ನಿಯಮದಂತೆ ಕಾರ್ಯದರ್ಶಿ ಹಾಜರಿಯನ್ನು ಗಟ್ಟಿಯಾಗಿ ಹೇಳಬೇಕು. ಹೇಳಿದರು.

ಅಧ್ಯಕ್ಷ ಶ್ರೀಕಂಠ ಠರಾವು ಓದಿದರು. "ಒಪ್ಪುವವರು ಕೈ ಎತ್ತಿ."

ಸತ್ಯಭಾಮಾ ಒಬ್ಬೊಬ್ಬರತ್ತ ಬೆರಳು ತೋರಿಸುತ್ತಾ ಎಣಿಸಿದರು. ಆ ಬೆರಳು ತನ್ನ ಸಾಲಿಗೆ ಬಂದಾಗ, ಟೀಚರ್ ಕೈ ಎತ್ತಲು ಹೇಳುತ್ತಿದ್ದಾರೆ ಅಂದುಕೊಂಡು ಪುಟ್ಟಮ್ಮ ಹಸಿರು ಹತ್ತಿದ ಕೈಯನ್ನು ಎತ್ತಿಬಿಟ್ಟರು. ಸತ್ಯಭಾಮಾರ ಬೆರಳು ಒಂದು ಕ್ಷಣ ನಿಂತಿತು. ಎತ್ತಿದ ಕೈಯನ್ನು ಬಿಡುವಂತಿರಲಿಲ್ಲ. ಎಣಿಸಿದರು. ಹದಿನಾರು. ವಿರುದ್ಧ ಹದಿನಾಲ್ಕು.

"ಅಧ್ಯಕ್ಷರೇ, ಆ ಅಜ್ಜಿಗೆ ಅರ್ಥ ಆಗಿಲ್ಲ!" ಪ್ರೇಮನಾಥ ಎದ್ದರು. "ಎರಡೂ ಕಡೆ ಹದಿನೈದಾದರೆ ಠರಾವು ಬೀಳ್ತದೆ."

"ಎಣಿಸಿದ್ದು ಮೇಡಮ್ಮೇ ಅಲ್ವಾ? ಸಭೆಗೆ ಕರೆತಂದಿದ್ದೂ ಅವರೇ" ಎಂದರು ಶ್ರೀಕಂಠ. ಹಿಂದಿನ ಸಾಲು ನಕ್ಕಿತು. "ಠರಾವು ಪಾಸ್."

ಪುಟ್ಟಮ್ಮ ಸತ್ಯಭಾಮಾರ ಸೆರಗು ಜಗ್ಗಿದರು. "ನೀವು ತೋರ್ಸಿದ ಕೂಡ್ಲೇ ಎತ್ತಿದೆ ಟೀಚರ್. ಸರಿಯಾಯ್ತಾ?"

"ಸರಿಯಾಯ್ತು ಪುಟ್ಟಮ್ಮ" ಎಂದರು ಸತ್ಯಭಾಮಾ. ಮೆಟ್ಟಿಲಿಳಿಯಲು ಕೈ ಕೊಟ್ಟರು.

ಮುಂದಿನ ಭಾನುವಾರ ಮಕ್ಕಳು ಬಂದಾಗ ಕೋಣೆಯಲ್ಲಿ ಟೇಬಲ್ ಜೋಡಿಸುತ್ತಿದ್ದರು. ಐವರಲ್ಲಿ ಮೂವರು ಬ್ಯಾಟ್ ಹಿಡಿದರು. ಸತ್ಯಭಾಮಾ ರಾಜೀನಾಮೆ ಕೊಟ್ಟರು. 2014ರ ಸಭೆಗೆ ಯಾರೂ ಫೋನ್ ಮಾಡಲಿಲ್ಲ. ಒಂಬತ್ತು ಜನ ಬಂದರು, ಸಭೆ ಮುರಿಯಿತು.

2013ರ ನಡಾವಳಿ ಪುಸ್ತಕದಲ್ಲಿ ಸತ್ಯಭಾಮಾರ ದುಂಡನೆಯ ಅಕ್ಷರ ಇನ್ನೂ ಇದೆ. ಅಂದು ಹತ್ತು ಇಪ್ಪತ್ತೆಂಟಕ್ಕೆ, ಕೊನೆಯ ಕುರ್ಚಿಗೂ ಕೇಳುವಂತೆ, ತುಸು ಹೆಮ್ಮೆಯಿಂದಲೇ ಅವರು ಹೇಳಿದ ಹಾಜರಿ: ಮೂವತ್ತು.