ಒನ್ಸ್ ಮೋರ್ ಕೂಗಿದವರು

ನಾಟಕಕ್ಕೆ ಹೋದಾಗ ನಾನು ಬೇಕೆಂದೇ ಸಾಲಿನ ತುದಿಯಲ್ಲಿ ಕೂರುತ್ತೇನೆ. ಅಲ್ಲಿಂದ ರಂಗ ಅರ್ಧ ಕಾಣುತ್ತದೆ, ಜನ ಪೂರ್ತಿ ಕಾಣುತ್ತಾರೆ. ರಾಜ ಅಳುವಾಗ ಯಾರು ಕಣ್ಣೊರೆಸಿಕೊಂಡರು, ಯಾರು ಚಕ್ಕುಲಿ ಪೊಟ್ಟಣ ಬಿಚ್ಚಿದರು ಎಂದು ಗಮನಿಸಿ ಮನೆಗೆ ಬಂದು ದಿನಚರಿಯಲ್ಲಿ ಬರೆಯುವುದು ನನ್ನ ಹಳೆಯ ಚಟ. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕಳೆದ ಭಾನುವಾರ ಬರೆದ ಒಂದು ವಾಕ್ಯ ಮಾತ್ರ ನನ್ನನ್ನು ಕುಳಿತಲ್ಲಿ ಕೂರಲು ಬಿಡಲಿಲ್ಲ. ‘ಜನ ಒನ್ಸ್ ಮೋರ್ ಕೂಗಿದರು’ ಎಂದು ಬರೆದಿದ್ದೆ. ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಆ ಜನರ ನಡುವೆ ನಾನೇ ಹೋಗಿ ಅಡಗಿಕೊಂಡಿದ್ದೇನೆಯೇ ಎಂಬ ಅನುಮಾನ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಪೌರಾಣಿಕ ನಾಟಕ ನೋಡದವರಿಗೆ ಸ್ವಲ್ಪ ಹೇಳಬೇಕು. ಕಥೆ ಎಲ್ಲರಿಗೂ ಗೊತ್ತು, ಹಾಡು ಎಲ್ಲರಿಗೂ ಬಾಯಿಪಾಠ. ಆದ್ದರಿಂದ ಮುಂದೇನಾಗುತ್ತದೆ ಎಂದು ಯಾರೂ ಬರುವುದಿಲ್ಲ. ಮೇಲಿನ ಸ್ವರ ಮುಟ್ಟುತ್ತಾನೋ ಇಲ್ಲವೋ ನೋಡಲು ಬರುತ್ತಾರೆ. ಪಾತ್ರ ಮಾಡುವವರು ತೆಂಗಿನ ತೋಟದವರು, ಅಂಗಡಿಯವರು, ರಿಟೈರಾದ ಲೈನ್‌ಮನ್‌ಗಳು. ಅವರನ್ನೆಲ್ಲ ಆಳುವವರು ಹಾರ್ಮೋನಿಯಂ ಮಾಸ್ಟರು. ರಾಜ ಮಗನ ಹೆಣದ ಮುಂದೆ ಗೋಳಾಡುತ್ತಿರುವಾಗ ಅವನ ಸೋದರತ್ತೆ ಮೆಟ್ಟಿಲು ಹತ್ತಿ ಬಂದು ಕೊಬ್ಬರಿ ಹಾರ ಹಾಕುತ್ತಾರೆ. ರಾಜ ಅತ್ತೆಯ ಕಾಲು ಮುಟ್ಟಿ, ಫೋಟೋಕ್ಕೆ ನಿಂತು, ಮತ್ತೆ ಗೋಳಿಗೆ ಮರಳುತ್ತಾನೆ. ಹಾಡು ಹಿಡಿಸಿದರೆ ಒನ್ಸ್ ಮೋರ್. ಕೂಗಿದ ಮೇಲೆ ಹಾಡಲೇಬೇಕು. ಸತ್ತವನಾದರೂ ಎದ್ದು ಹಾಡಿ, ಮತ್ತೊಮ್ಮೆ ಸಾಯಬೇಕು.

ನಾನು ಓದಿದ್ದೂ ಪಾಠ ಹೇಳಿದ್ದೂ ಇತಿಹಾಸ. ನಡೆದದ್ದು ಹಾಗೇ ಇನ್ನೊಮ್ಮೆ ನಡೆಯುವುದಿಲ್ಲ ಎಂಬುದು ಎಂ.ಎ.ಯ ಎರಡು ವರ್ಷದಲ್ಲಿ ನಾನು ಕಲಿತ ಒಂದೇ ಗಟ್ಟಿ ಪಾಠ. ಅದನ್ನು ಸುಳ್ಳು ಮಾಡುವ ಜಾಗ ನಮ್ಮ ನಾಟಕ. ಹಳೆಯ ಕಾಲದ ಕಾವ್ಯಮೀಮಾಂಸಕರು ಸಹೃದಯನ ಬಗ್ಗೆ ಪುಟಗಟ್ಟಲೆ ಬರೆದರು. ಮುಂದಿನ ಸಾಲಿನಲ್ಲಿ ಎದ್ದು ನಿಂತು ಟವೆಲ್ ಬೀಸುವ ಸಹೃದಯನನ್ನು ಅವರು ನೋಡಿರಲಾರರು.

ಭಾನುವಾರ ಮಧ್ಯಾಹ್ನ ತಿಪಟೂರಿನ ಸಭಾಂಗಣದಲ್ಲಿ ರಾಜನಾಗಿದ್ದವನು ನನ್ನ ದೊಡ್ಡಪ್ಪನ ಮಗ ನಂಜುಂಡಣ್ಣ. ನೊಣವಿನಕೆರೆ ಹತ್ತಿರ ತೋಟ, ವಯಸ್ಸು ಅರವತ್ತರ ಆಸುಪಾಸು. ಹನ್ನೆರಡು ವರ್ಷದಿಂದ ಕಿರೀಟ ತನ್ನದೇ ಎನ್ನುತ್ತಾನೆ. ನನ್ನ ನೆನಪಿನ ಪ್ರಕಾರ ಒಂಬತ್ತು. ಇಬ್ಬರಲ್ಲಿ ಯಾರನ್ನೂ ನಂಬಬೇಡಿ. ಹೋದ ವರ್ಷ ಅವನ ಗಂಟಲಿಗೆ ಆಪರೇಷನ್ ಆಯಿತು. ಆಮೇಲೆ ಕೆಲವು ತಿಂಗಳು ಮಾತೇ ಪಿಸುಮಾತಿನಂತಿತ್ತು. ಈ ಸಲ ಹಾಡಲಾಗದಿದ್ದರೆ ಕಿರೀಟ ಮಂತ್ರಿ ಪಾತ್ರದ ಲೋಕೇಶನಿಗೆ ಎಂದು ಮಾಸ್ಟರು ಮೊದಲೇ ಹೇಳಿಬಿಟ್ಟಿದ್ದರು. ನಂಜುಂಡಣ್ಣ ಮೂರು ತಿಂಗಳು ತೋಟದ ಪಂಪ್‌ಸೆಟ್ ಮನೆಯೊಳಗೆ ಕೂತು, ಮೋಟರು ಹಾಕಿಕೊಂಡು, ಯಾರಿಗೂ ಕೇಳದಂತೆ ಹಾಡಿಕೊಂಡ.

ಪರದೆ ಏಳುವ ಮೊದಲೇ ಅವನ ಹೆಂಡತಿ, ನನ್ನ ಅತ್ತಿಗೆ, ಒಂದು ಕೈಯಲ್ಲಿ ಮೊಬೈಲು ಇನ್ನೊಂದರಲ್ಲಿ ನನ್ನ ಕೈ ಹಿಡಿದು ಕೂತಿದ್ದರು.

“ಒಂದೇ ಸಲ ಹಾಡಕ್ಕೆ ಗಂಟ್ಲು ತಡೀತದೆ ಕಣೇ ಸುಮಿತ್ರಾ. ಮಾಸ್ಟ್ರೂ ಅದುನ್ನೇ ಅಂದವ್ರೆ. ಹಾಡಿ ಒಳಿಕ್ ಹೋಗ್ಬುಟ್ರೆ ಸಾಕು.”

“ಹಾಡ್ತಾನೆ ಬುಡಿ ಅತ್ತಿಗೆ” ಎಂದೆ.

ಹಾಡಿದ. ಮೇಲಿನ ಸ್ವರಕ್ಕೆ ಏರುವಾಗ ಚಕ್ಕುಲಿ ತಿನ್ನುತ್ತಿದ್ದವರ ಬಾಯಿಯೂ ನಿಂತಿತು. ಮುಟ್ಟಿದ, ಎತ್ತರದ ಕಪಾಟಿನ ಡಬ್ಬಿಯನ್ನು ತುದಿಗಾಲಲ್ಲಿ ನಿಂತು ಬೆರಳ ತುದಿಯಿಂದ ಮುಟ್ಟಿದ ಹಾಗೆ. ಹಾಡು ಮುಗಿಯಿತು. ಆಮೇಲೆ ಒಂದು ಮೌನ. ಎಷ್ಟು ಹೊತ್ತಿನದೋ ತಿಳಿಯದು. ನನಗೆ ಅದು ಬಹಳ ಉದ್ದವಾಗಿ ಕಂಡಿತು. ಅಷ್ಟರಲ್ಲಿ ಒನ್ಸ್ ಮೋರ್ ಎಂಬ ಕೂಗು ಎದ್ದು, ಸಭೆಯೆಲ್ಲ ಅದನ್ನೇ ಹಿಡಿದುಕೊಂಡಿತು. ಅತ್ತಿಗೆ ನನ್ನ ಕೈ ಬಿಟ್ಟರು.

ಮಾಸ್ಟರು ಹಾರ್ಮೋನಿಯಂ ಮತ್ತೆ ಶುರುಮಾಡಿದರು. ನಂಜುಂಡಣ್ಣ ಮೊದಲ ಸಾಲು ಹಾಡಿದ, ಎರಡನೆಯದೂ ಹಾಡಿದ. ಏರುವ ಕಡೆ, ಬತ್ತಿದ ಬೋರ್‌ವೆಲ್ಲಿನಿಂದ ಬರುವಂತೆ ಬರೀ ಗಾಳಿ ಬಂತು.

“ರಾಜಂಗೆ ಒಸಿ ಬಿಸ್ನೀರ್ ಕೊಡ್ರಲಾ” ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು.

ನಂಜುಂಡಣ್ಣ ಕತ್ತಿ ಊರಿ ಲೋಕೇಶನ ಕಡೆ ತಿರುಗಿದ. “ಮಂತ್ರಿವರ್ಯ, ಪ್ರಜೆಗಳ ಆಸೆ ದೊಡ್ಡದು, ಅರಸನ ಕಂಠ ಚಿಕ್ಕದು. ಮಿಕ್ಕದ್ದನ್ನು ತಾವು ಪೂರೈಸಿ.”

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಲೋಕೇಶ ಹಾಡಿದ, ಚೆನ್ನಾಗಿಯೇ ಹಾಡಿದ. ಅವನಿಗೂ ಒನ್ಸ್ ಮೋರ್ ಬಿತ್ತು.

ಮೊದಲು ಕೂಗಿದ್ದು ಯಾರು? ಅತ್ತಿಗೆ ಮೊಬೈಲಿನಲ್ಲಿ ತೆಗೆದಿದ್ದ ಹಾಡಿನ ವಿಡಿಯೋ ಮಾತ್ರ ಕಳಿಸಿದರು. ಅದರಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವುದು ಒಂದು ಹೆಣ್ಣು ದನಿ. ಆದರೆ ಮೊಬೈಲು ಇದ್ದದ್ದು ನನ್ನ ಮಗ್ಗುಲಲ್ಲೇ. ಹತ್ತಿರದ ಕೂಗು ದೂರದ ಕೂಗನ್ನು ನುಂಗುವುದು ಸಹಜ. ಒಂದೇ ಆಕರ ನೋಡಿ ತೀರ್ಪು ಕೊಡಬಾರದೆಂದು ನಾನೇ ಎಷ್ಟು ಮಕ್ಕಳಿಗೆ ಪಾಠ ಹೇಳಿಲ್ಲ? ಹೀಗೆ ನನ್ನ ಪರವಾಗಿ ನಾನೇ ವಾದಿಸುತ್ತ ಮೂರು ದಿನದಲ್ಲಿ ಎರಡು ಸಲ ಹಾಲು ಉಕ್ಕಿಸಿದೆ, ಒಂದು ಸಲ ಪಲ್ಯ ಸೀಯಿಸಿದೆ. ಕೂಗಿದ ನೆನಪು ನಿಜಕ್ಕೂ ಇರಲಿಲ್ಲ. ಗಂಟಲು ಮಾತ್ರ ಭಾನುವಾರ ಸಂಜೆಯಿಂದ ಕೊಂಚ ಕಟ್ಟಿತ್ತು. ನಾಲ್ಕನೆಯ ದಿನ ನೊಣವಿನಕೆರೆ ಬಸ್ಸು ಹತ್ತಿದೆ.

ನಂಜುಂಡಣ್ಣ ತೋಟದ ಶೆಡ್ಡಿನಲ್ಲಿದ್ದ. ವರ್ಷದಿಂದ ಅಟ್ಟದ ಮೇಲೆ ಒಣಗಿದ್ದ ಕಾಯಿಗಳನ್ನು ಇಳಿಸಿ, ಮೂವರು ಹೆಂಗಸರು ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿ ಗಾಯವಾಗದಂತೆ ತೆಗೆಯುತ್ತಿದ್ದರು. ಆ ಟಕಟಕ ಸದ್ದು ನನಗೆ ಧೈರ್ಯ ಕೊಟ್ಟಿತು.

“ಅಣ್ಣ, ಅವತ್ತು ಮೊದ್ಲು ಕೂಗಿದ್ದು ನಾನೇ ಅನ್ಸುತ್ತೆ.”

“ನೀನು ಐದ್ನೇವ್ಳು” ಎಂದ.

“ಏನು?”

“ನಾನೇ ಮೊದ್ಲು ಕೂಗ್ಬುಟ್ಟೆ, ತಪ್ಪಾಯ್ತು ಅಂತ ಆಗ್ಲೇ ನಾಕ್ ಜನ ಬಂದು ಹೋದ್ರು ಕಣೇ. ಲೋಕೇಶನ ಮಾವನೂ ಬಂದಿದ್ದ. ಕೂತ್ಕೊ, ಎಳ್ನೀರು ಕುಡಿ.”

ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಸಣ್ಣ ನಿರಾಸೆ. ಮೂರು ದಿನ ಜೋಪಾನವಾಗಿ ಹೊತ್ತ ಪಾಪದಲ್ಲೂ ನನಗೆ ಮೊದಲ ಸ್ಥಾನವಿರಲಿಲ್ಲ.

“ಕಿರೀಟ ಇನ್ನ ಲೋಕೇಶಂಗೇ ಅಂತ ಮಾಸ್ಟ್ರು ಫೋನ್ ಮಾಡಿದ್ರು” ಎಂದ ನಂಜುಂಡಣ್ಣ, ಎಳನೀರು ಕೆತ್ತುತ್ತ. “ಹೋಗ್ಲಿ ಬುಡು, ಅವ್ನೂ ಎಷ್ಟ್ ದಿನ ಅಂತ ಕೈಕಟ್ಕೊಂಡು ನಿಂತಾನು. ನಂಗೆ ಒಂದೇ ಗೊತ್ತಾಗ್ಬೇಕು. ನೀನ್ ಕೂಗಿದ್ದು ಹಾಡು ಚೆನ್ನಾಗಿತ್ತು ಅಂತ್ಲೋ, ಪಾಪ ಅಂತ್ಲೋ?”

ಮೊದಲಿನ ನಾಲ್ವರು ಏನು ಹೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ. ನಾನೂ ಅದನ್ನೇ ಹೇಳಲು ಬಾಯಿ ತೆರೆದೆ. ಅವನು ಮಚ್ಚು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

“ಗೊತ್ತಿಲ್ಲ ಅಣ್ಣ. ಯಾರೂ ಕೂಗ್ದೇ ಹೋದ್ರೆ ಅಂತ ಹೆದ್ರಿಕೆ ಆಯ್ತು.”

ಅವನು ಎಳನೀರನ್ನು ನನ್ನ ಕೈಗೆ ಕೊಟ್ಟ. “ನಂಗೂ ಅದೇ ಹೆದ್ರಿಕೆ ಇತ್ತು” ಎಂದ.

ಆಮೇಲೆ ಅವನು ರಾಶಿಯಿಂದ ಒಂದು ಕೊಬ್ಬರಿ ಎತ್ತಿ ತಿರುಗಿಸಿ ನೋಡುತ್ತ, ನನಗೆಂದಲ್ಲ, ಯಾರಿಗೆಂದೂ ಅಲ್ಲ, ಅದೇ ಹಾಡು ಹೇಳತೊಡಗಿದ. ಸಣ್ಣ ದನಿ. ಏರುವ ಕೊನೆಯ ಸಾಲು ಚಿಪ್ಪಿನ ಸದ್ದಿನಲ್ಲಿ ಎಲ್ಲೋ ಮುಳುಗಿಹೋಯಿತು. ಹಾಡು ಮುಗಿಯಿತು. ಹೊಗಳಿದರೂ ತಪ್ಪು, ಸುಮ್ಮನಿದ್ದರೂ ತಪ್ಪು. ಒನ್ಸ್ ಮೋರ್ ಎಂಬುದಂತೂ ಈ ಜನ್ಮಕ್ಕೆ ಸಾಕಾಗಿತ್ತು.

ಚಿಪ್ಪು ಒಡೆಯುತ್ತಿದ್ದ ಮೂವರಲ್ಲಿ ವಯಸ್ಸಾದವಳು ತಲೆಯೆತ್ತಿದಳು.

“ಯಜಮಾನ್ರೇ, ಆ ಕೊನೇದು ಸರ್ಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ ಕಿತ ಹೇಳಿ.”

“ಅದು ಒಸಿ ಮೇಲೈತೆ ಕಣವ್ವ. ಬರಕಿಲ್ಲ.”

“ಬಂದಷ್ಟು ಹೇಳಿ. ನಮ್ಗೇನ್ ಬಸ್ಸಿಗೆ ಹೊತ್ತಾಯ್ತಾ?”

ಅವಳು ಭಾನುವಾರ ಸಭಾಂಗಣಕ್ಕೆ ಬಂದವಳಲ್ಲ. ಕಿರೀಟದ ಸಂಗತಿ ಅವಳಿಗೆ ಬೇಕಿರಲಿಲ್ಲ. ಹೊಗಳಿಕೆಯೂ ಅಲ್ಲ, ಕನಿಕರವೂ ಅಲ್ಲ. ಹಾಡಿನ ಒಂದು ಸಾಲು ತಪ್ಪಿಹೋಗಿತ್ತು, ಅದು ಬೇಕಾಗಿತ್ತು. ಇಷ್ಟು ಸುಲಭದ ಕಾರಣಕ್ಕೂ ಇನ್ನೊಮ್ಮೆ ಕೇಳಬಹುದೆಂದು ಸಭೆ ತುಂಬ ಕೂತಿದ್ದ ನಮಗೆ ಯಾರಿಗೂ ಹೊಳೆದಿರಲಿಲ್ಲ.

ನಂಜುಂಡಣ್ಣ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಏರುವ ಕಡೆಯಿಂದಲೇ ಎತ್ತಿಕೊಂಡ. ಮೂವರೂ ಒಡೆಯುವುದನ್ನು ನಿಲ್ಲಿಸಿ ಕೇಳಿದರು. ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರ ಕೈಯಲ್ಲಿ ಕೊಬ್ಬರಿ ಇತ್ತು, ನನ್ನ ಕೈಯಲ್ಲಿ ಎಳನೀರು.